ಅರದ ದವಡೆ

ತಣ್ಣಗಿದೆ, ತುಟಿಗೆ ತಾಗಿದ ಕಬ್ಬಿಣ ತಣ್ಣಗಿದೆ, ದವಡೆಯ ಅಂಚು ನೆಟ್ಟಗೇ ಇದ್ದಂತಿದೆ ಎಂದುಕೊಂಡ ಚಲುವಾಚಾರಿ, ಕಾದ ಕಬ್ಬಿಣ ಹಿಡಿದೂ ಹಿಡಿದೂ ಬೆರಳು ದಡ್ಡುಗಟ್ಟಿದ ಮೇಲೆ ಅವನಿಗೆ ನಂಬಿಕೆ ಉಳಿದಿರುವುದು ತುಟಿಯ ಮೇಲೆ ಮಾತ್ರ — ಶ್ರೀರಂಗಪಟ್ಟಣದ ಬೀದಿಯಲ್ಲಿ ಮುದುಕನೊಬ್ಬ ಕಬ್ಬಿಣಕ್ಕೆ ಮುತ್ತಿಡುತ್ತಿದ್ದಾನೆಂದು ನಗುವವರು ನಗಲಿ, ಅಂಗಡಿಯ ಸೋಮಯ್ಯ ನಗಲಿಲ್ಲ, ಮೂರು ದವಡೆ ಅವೆ ಆಚಾರ್ರೆ, ನೋಡಿ ಎತ್ಕಳಿ ಎಂದ. ನೋಡಿ ಎತ್ಕಳಿ. ನೋಡಲು ಬರುವಂತಿದ್ದರೆ ನಾಗಮಂಗಲದಿಂದ ಮೋಟಾರು ಹತ್ತಿ ಯಾಕೆ ಬರುತ್ತಿದ್ದ, ಅಪ್ಪ ಇಂಥದ್ದನ್ನು ಕುಲುಮೆಯೊಳಕ್ಕೆ ಬಿಡುತ್ತಿರಲಿಲ್ಲ, ಕಣ್ಣೇ ದವಡೆ ಕಣ್ಲಾ ಎನ್ನುತ್ತಿದ್ದ, ಚಾಕುವಿನ ಅಲಗು ಮುಗಿದು ಹಿಡಿಯೊಳಗೆ ಇಳಿಯುವ ಕಡೆ ಎರಡು ಹೆಗಲು, ಒಂದು ತಗ್ಗಿದರೂ ಹಿಡಿ ಕೂರುವುದಿಲ್ಲ. ಈ ದವಡೆಗೆ ಅಲಗನ್ನು ಕಚ್ಚಿಸಿ ತಿರುಪು ಬಿಗಿದರೆ ಉಜ್ಜುವ ಅರ ಅದರ ಅಂಚಿಗೆ ಬಂದು ನಿಲ್ಲುತ್ತದೆ, ಕಣ್ಣು ಮಂಜಾದವನೂ ತಪ್ಪಲಾರ — ಮಂಜು, ಹೋದ ಚಳಿಗಾಲದಿಂದ ಕುಲುಮೆಯ ಬೆಂಕಿಗೂ ಮಂಜು, ಹೆಂಡತಿ ಮಂಗಳಮ್ಮನಿಗೂ ಹೇಳಿಲ್ಲ, ಆದರೂ ಕಿಕ್ಕೇರಿಯ ದೇವಯ್ಯ ಚಾಕು ವಾಪಸು ತಂದು, ಇಡಿ ಅಲ್ಲಾಡ್ತದಲ್ಲ ಆಚಾರ್ರೆ ಎಂದಾಗ ಅವಳೇ ಒಳಗಿನಿಂದ ಬಂದು, ಮರ ಅಸೀದು ಕಣಪ್ಪ, ಒಣಗಿ ಕುಗ್ಗದೆ, ನಮ್ಮೆಜಮಾನ್ರ ಕೆಲ್ಸ ಸರಿಯಾಗೇ ಅದೆ ಎಂದಳು, ಹಿಡಿ ಹಳೇ ಹುಣಸೆಯದು, ಕುಗ್ಗುವ ಮರವಲ್ಲ, ಅವಳಿಗೂ ಗೊತ್ತು. ಆಮೇಲೆ ಒಂದು ಚಾಕೂ ವಾಪಸು ಬರಲಿಲ್ಲ, ಕಣ್ಣು ಹೋದರೂ ಕೈ ಮರೆತಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದ, ಆದರೂ ದವಡೆ ತರಾನ ಬನ್ನಿ ಎಂದು ಹಠ ಹಿಡಿದು ಜೊತೆಗೆ ಬಂದು ಪಕ್ಕದಲ್ಲಿ ನಿಂತವಳು ಇವಳೇ, ಯಾಕೆ ಎಂದು ಅವನು ಕೇಳಿರಲಿಲ್ಲ.

ಮೊದಲನೆಯದು ಹಿತ್ತಾಳೆ, ಅರ ಇಟ್ಟ ಕೂಡಲೇ ಕರ್ ಎಂದು ಕಚ್ಚಿತು, ಚಾಕುವಿಗಿಂತ ಮೊದಲು ದವಡೆಯೇ ಸವೆದುಹೋಗುತ್ತದೆ, ಬೇಡ. ಎರಡನೆಯದು ಹದವಾದ ಉಕ್ಕು, ಅರ ಜಾರಿತು, ಆದರೆ ಮುಚ್ಚಿದ ದವಡೆಯ ನಡುವೆ ಸಂದಿ ಇದೆಯೋ ಇಲ್ಲವೋ, ಅದನ್ನು ಹೇಳಲು ತುಟಿಗೆ ಬರುವುದಿಲ್ಲ, ಆಕಾಶಕ್ಕೆ ಹಿಡಿದ, ಆಕಾಶವೆಲ್ಲ ಮಜ್ಜಿಗೆ — ಬೆಳಕು ಕಾಣ್ತದ ನೋಡೆ, ಎಂದುಬಿಟ್ಟ. ಅಂದದ್ದಾಯಿತು. ಅವಳು ತೆಗೆದುಕೊಂಡು ನೋಡಿ, ಕೂದ್ಲಷ್ಟು ಕಾಣ್ತದೆ, ಬ್ಯಾಡ ಬುಡಿ ಎಂದಳು. ಮೂರನೆಯದು ಕನ್ನಂಬಾಡಿ ಕಟ್ಟೆ ಕೆಲಸ ಮುಗಿದ ಮೇಲೆ ಹರಾಜಿನಲ್ಲಿ ಬಂದದ್ದು, ಮೈಯೆಲ್ಲ ತುಕ್ಕು, ಇದ್ರಾಗೆ ಬೆಳಕು ಏನೂ ಕಾಣಕಿಲ್ಲ ಎಂದವಳು ಅರವನ್ನೂ ತಾನೇ ಎತ್ತಿಕೊಂಡಳು, ಜರ್ ಎಂದು ಸದ್ದು, ಮತ್ತೆ ಸುಮ್ಮನೆ, ಮತ್ತೆ ಜರ್ — ಹೊಸಬರು ಅರವನ್ನು ಹಿಂದಕ್ಕೂ ಎಳೆಯುತ್ತಾರೆ, ತಳ್ಳುವಾಗ ಭಾರ ಹಾಕಿ ಬರುವಾಗ ಎತ್ತಿಕೊಳ್ಳುವುದು ಪಳಗಿದ ಕೈ, ಈ ಸದ್ದು ಅವನದೇ ಸದ್ದು, ಎಲ್ಲಿ ಕಲಿತೆಯೇ ಎಂದ, ಎಲ್ಲೀ, ನಿಮ್ಮನ್ನ ನೋಡಿ ಎಂದಳು, ಯಾವಾಗ ಎಂದ, ಅವಳು ತಡೆದು ತಡೆದು, ದೇವಯ್ಯ ಬಂದೋದಾಗಿಂದ, ನೀವು ಕೆರೆಗೆ ಓದಾಗ, ಚಾಕೂನ ಒಸಿ ಒಸಿ ಸರಿ ಮಾಡ್ತಿದ್ದೆ, ಕಣ್ಣಳತೇಲಿ ನಂಗೆ ಆಗಕಿಲ್ಲ ಅಂತ ಈ ದವಡೆ ಕೇಳ್ದೆ, ಬೇಜಾರು ಮಾಡ್ಕಬ್ಯಾಡಿ. ಬೇಜಾರೇ, ಬರಬೇಕಿತ್ತು, ಹುಡುಕಿದ, ಸಿಗಲಿಲ್ಲ. ಈ ತಿರುಪು ಬಿಗಿ ಅದೆ ಸೋಮಯ್ಯ, ಎಣ್ಣೆ ಬುಡು, ಇವಳ ಕೈಗೆ ತಿರುಗ್ಬೇಕು, ನನ್ ಕೈಗಲ್ಲ ಎಂದ. ತಿರುಗಿತು. ಆ ಕೈಯನ್ನು ಹಿಡಿದು ಕಣ್ಣಿನ ಹತ್ತಿರಕ್ಕೆ ತಂದುಕೊಂಡ, ಬೀದೀಲಿ ಏನಿದು ಬುಡಿ ಎಂದಳು, ಬಿಡಲಿಲ್ಲ, ಇನ್ನೂ ಹತ್ತಿರ, ರೆಪ್ಪೆ ತಾಗುವಷ್ಟು ಹತ್ತಿರ, ಉಗುರ ಸಂದಿಯಲ್ಲಿ ಕಪ್ಪು, ಮಡಕೆಯ ಮಸಿಯಾದರೆ ಮಿಂಚುವುದಿಲ್ಲ, ಇದು ಮಿಂಚುತ್ತದೆ, ಉಗುರ ಸಂದಿಯಲ್ಲಿ ಕಬ್ಬಿಣದ ಪುಡಿ, ಉಗುರ ಸಂದಿಯಲ್ಲಿ, ಮಿಂಚುತ್ತಾ —