ತಳ್ಳದೆ ಹೊರಟ ಜೀಪು

ಅತ್ತೆಯವರ ಹಳೇ ಜೀಪನ್ನು ಒಂಬತ್ತು ವರ್ಷ ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಗಿತ್ತು. ಸ್ಟೀರಿಂಗ್ ಹಿಡಿಯುವವರು ಯಾವಾಗಲೂ ಅತ್ತೆ. ಬೆಳಿಗ್ಗೆ ಬೇಗ ಎದ್ದು ಹಿಂದೆ ನಿಂತು ತಳ್ಳುವವರು ನಾನು, ನನ್ನ ಹೆಂಡತಿ, ಮಾವ. ರಿಪೇರಿ ಮಾಡಿಸೋಣ ಅಂದರೆ ಮಾವ, "ಮೂರಾಳು ಇದ್ದೀವಲ್ಲ, ಮೆಕ್ಯಾನಿಕ್ ಯಾಕೆ?" ಅನ್ನುತ್ತಿದ್ದರು.

ಈ ಭಾನುವಾರ ತಲೆಕೆಟ್ಟು ಸ್ಟಾರ್ಟರ್ ಮೋಟರನ್ನು ನಾನೇ ಬಿಚ್ಚಿದೆ. ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದು ಉಗುರಿನಷ್ಟಾಗಿದ್ದವು. ಹೊಸವನ್ನು ಹಾಕಿ, ಮಸಿ ಒರೆಸಿ, ಬೋಲ್ಟು ಬಿಗಿದೆ.

"ಕೀ ತಿರುಗಿಸಿ ಅತ್ತೆ," ಅಂದೆ. ಅಭ್ಯಾಸಬಲ ನೋಡಿ, ಹೇಳಿದ ನಾನೂ ಸೇರಿ ಮೂವರೂ ಹಿಂದೆ ಹೋಗಿ ಜೀಪಿಗೆ ಕೈ ಊರಿ ನಿಂತಿದ್ದೆವು! ಒಂದೇ ಏಟಿಗೆ ಜೀಪು ಗುಡುಗಿತು. ಅತ್ತೆ ಗೇರ್ ಹಾಕಿ ಹೊರಟೇಬಿಟ್ಟರು. ನಾವು ಹೊಗೆ ಕುಡಿಯುತ್ತಾ ಗಾಳಿ ತಳ್ಳಿಕೊಂಡು ನಿಂತೆವು.

ಅರ್ಧ ಗಂಟೆಯ ಮೇಲೆ ವಾಪಸ್ಸು ಬಂದರು. ಕೂದಲು ಕೆದರಿತ್ತು, ಮುಖ ಅರಳಿತ್ತು.

"ಎಲ್ಲಿಗೆ ಹೋಗಿದ್ದೆ?" ಮಾವ ರೇಗಿದರು.

"ಎಲ್ಲಿಗೂ ಇಲ್ಲ, ಸುಮ್ಮನೆ ಸುತ್ತಿ ಬಂದೆ. ಒಂಬತ್ತು ವರ್ಷದಲ್ಲಿ ಒಂದಿನವಾದರೂ ನಿಮ್ಮ ಮೂವರನ್ನ ಕರೀದೆ ಹೊರಗೆ ಹೋಗೋಕಾಗಿತ್ತೇನ್ರೀ?" ಅಂದವರು ನನ್ನತ್ತ ತಿರುಗಿದರು. "ಅಳಿಯಂದ್ರೇ, ನಾಳೆ ಬೆಳಿಗ್ಗೆ ಯಾರೂ ಬೇಗ ಏಳಬೇಡಿ."