ಒಂದು ಮಿಲಿಮೀಟರಿನ ಸುಳ್ಳು

ನಾನು ಒಂದು ವರ್ನಿಯರ್ ಕ್ಯಾಲಿಪರ್. ಶಾಲೆಯ ಪ್ರಯೋಗಾಲಯದಲ್ಲಿ ನನ್ನ ಬಳಗದವರನ್ನು ನೀವು ನೋಡಿರುತ್ತೀರಿ. ಎರಡು ಉಕ್ಕಿನ ದವಡೆಗಳು, ಮೈಮೇಲೆ ಕೊರೆದ ಗೆರೆಗಳು, ಇಷ್ಟೇ ನನ್ನ ಆಸ್ತಿ. ಪುಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹತ್ತು ಸಲ ಪರೀಕ್ಷಿಸಿ ನನ್ನನ್ನು ಪಾಸು ಮಾಡಿದ ಮೇಲೆ ಸ್ವಲ್ಪ ಜಂಬವೂ ಬಂತು. ಮರದ ಅಡಿಪಟ್ಟಿಯನ್ನು ಕಂಡರೆ ನನಗೆ ಇಂದಿಗೂ ತಾತ್ಸಾರ.

ನನ್ನ ಮೊದಲ ಒಡೆಯ ಬೆಳಗಾವಿಯ ಒಬ್ಬ ಲೇಥ್ ಕೆಲಸಗಾರ. ಅವನು ವರ್ಕ್‌ಶಾಪ್ ಮುಚ್ಚಿದಾಗ ಅವನ ಭಾವಮೈದುನ ಕಾಡಪ್ಪ ನನ್ನನ್ನು ತಾನು ಅಟೆಂಡರ್ ಆಗಿದ್ದ ವೈದ್ಯಕೀಯ ಕಾಲೇಜಿಗೆ ತಂದ. ಅಲ್ಲಿಯ ಅಂಗರಚನಾ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದ ಡಾಕ್ಟರ್ ನೀಲಾಂಬಿಕಾ ಕೌಜಲಗಿಯವರ ಕೈಗೆ ನಾನು ಸಿಕ್ಕೆ. ಕಬ್ಬಿಣ ಅಳೆದವನಿಗೆ ಮನುಷ್ಯರ ಕೈ ಅಳೆಯುವ ಕೆಲಸ ಬಂತು.

ರೊಟ್ಟಿ ಬಡಿದು ಬಡಿದು ಅಂಗೈ ಜೋಮು ಹಿಡಿದ ಹೆಂಗಸರಿಗೆ ಮಣಿಕಟ್ಟಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಚಾಕು ತುಸು ದಾಟಿದರೆ ಹೆಬ್ಬೆರಳಿಗೆ ಹೋಗುವ ನರ ತುಂಡಾಗುತ್ತದೆ. ಹಾಗೆ ಹೆಬ್ಬೆರಳು ಸೋತು, ಹಿಟ್ಟು ನಾದಲೂ ಆಗದೆ ಕೂತಿದ್ದ ಒಬ್ಬಾಕೆಯನ್ನು ನೀಲಾಂಬಿಕಾ ಕಂಡಿದ್ದರು. ದಾನವಾಗಿ ಬಂದ ದೇಹಗಳ ನಲವತ್ತು ಕೈಗಳಲ್ಲಿ ಆ ನರ ಎಲ್ಲಿದೆ ಎಂದು ಅಳೆದು, ಶಸ್ತ್ರವೈದ್ಯರು ನಂಬಬಹುದಾದ ಲೆಕ್ಕ ಕೊಡಬೇಕೆಂಬುದು ಅವರ ಹಟ. ಅವುಗಳಲ್ಲಿ ಎರಡು ಕೈ ಜಿನ್ನಪ್ಪ ಮಾಸ್ತರರವು. ದೇಹ ಒಪ್ಪಿಸುವಾಗ ಅವರ ಮಗಳು ತ್ರಿಶಲಾ, "ಉಪಯೋಗಕ್ಕ ಬಂದ್ರ ನನಗ ಒಂದು ಮಾತು ಹೇಳ್ರಿ ಬಾಯಾರ" ಎಂದು ನೀಲಾಂಬಿಕಾರಿಗೆ ಹೇಳಿ ಹೋಗಿದ್ದರು.

ಇಪ್ಪತ್ತೆಂಟು ಕೈ ಮುಗಿದಿದ್ದವು. ಅಷ್ಟರಲ್ಲಿ ಮಹಾನವಮಿ ಬಂತು. ಲೇಥ್ ಮನೆಯ ಪದ್ಧತಿ ಬಿಡದ ಕಾಡಪ್ಪ ನನಗೆ ಎಣ್ಣೆ ಹಚ್ಚಿ, ಕುಂಕುಮ ಮೆತ್ತಿ, ಹೂವೇರಿಸಿ ಆಯುಧಪೂಜೆ ಮಾಡಿದ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಾಯಿತು. ಎಣ್ಣೆಯಲ್ಲಿ ಕಲಸಿದ ಕುಂಕುಮ ದವಡೆಯ ಒಳಮೈಗೆ ಅಂಟಿ ಗಟ್ಟಿಯಾಯಿತು. ಅಳೆಯುವ ಮೊದಲು ದವಡೆ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ನೋಡಬೇಕು. ರಜೆ ಕಳೆದ ಅವಸರದಲ್ಲಿ ನೀಲಾಂಬಿಕಾ ನೋಡಲಿಲ್ಲ. ಉಳಿದ ಹನ್ನೆರಡು ಕೈಗಳಲ್ಲಿ ನಾನು ಒಂದು ಮಿಲಿಮೀಟರಿನಷ್ಟು ಹೆಚ್ಚು ಹೇಳಿದೆ. ಬಾಯಿದ್ದೂ ಮೂಗನಾಗಿದ್ದೆ.

ತಿಂಗಳ ನಂತರ ನೀಲಾಂಬಿಕಾ ನನ್ನ ದವಡೆಯನ್ನು ಉಗುರಿನಿಂದ ಕೆರೆದಾಗ ಮೇಜಿನ ಮೇಲೆ ಕೆಂಪು ಪುಡಿ ಉದುರಿತು. ಪ್ರತಿ ಅಳತೆಯಲ್ಲೂ ಒಂದು ಕಳೆದು ಬರೆಯೋಣವೆಂದರೆ, ಪದರ ಯಾವಾಗ ಎಷ್ಟು ಚಕ್ಕೆ ಎದ್ದಿತ್ತೋ ಗೊತ್ತಿಲ್ಲ. ಮತ್ತೆ ಅಳೆಯೋಣವೆಂದರೆ, ವಿದ್ಯಾರ್ಥಿಗಳು ಕೊಯ್ದು ಕಲಿಯುವ ಪಾಠ ಮುಗಿದು ಆ ಕೈಗಳಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ.

"ಒಂದು ಮಿಲಿಮೀಟರ್ಕ ಜಗತ್ತು ಮುಳುಗತೈತೇನವಾ? ಬರದು ಕೊಟ್ಟುಬಿಡು. ಇಲ್ಲಾಂದ್ರ ಪರೀಕ್ಷಾ ಆರು ತಿಂಗಳು ಮುಂದ ಹೋಗತೈತಿ" ಎಂದರು ಮಾರ್ಗದರ್ಶಕರಾದ ಹೆಬ್ಬಳ್ಳಿ ಸರ್.

ಕಾಡಪ್ಪ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. "ತಪ್ಪು ನಂದೈತ್ರಿ ಮೇಡಂ. ನನ್ನ ಹೆಸರು ಬರೀರಿ."

"ಸೊನ್ನಿ ನೋಡಬೇಕಾದಾಕಿ ನಾನು, ಕಾಡಪ್ಪ" ಎಂದು ನೀಲಾಂಬಿಕಾ ಹನ್ನೆರಡು ಸಾಲುಗಳ ಮೇಲೂ ಅಡ್ಡಗೆರೆ ಎಳೆದರು. ಮಾಸ್ತರರ ಎರಡು ಸಾಲುಗಳಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.

ಹೊಸದಾಗಿ ಹನ್ನೆರಡು ಕೈ ಸಿಗಲು ಆರು ತಿಂಗಳೇ ಹಿಡಿಯಿತು, ಪರೀಕ್ಷೆಯೂ ಮುಂದೆ ಹೋಯಿತು. ಆ ಲೆಕ್ಕ ಈಗ ಕೈಯ ಶಸ್ತ್ರವೈದ್ಯರ ಕೋಣೆಯ ಗೋಡೆಯ ಮೇಲಿದೆ. ಅದನ್ನು ನೋಡಿ ಚಾಕು ಹಿಡಿದ ಮೇಲೆ ಹೆಬ್ಬೆರಳು ಸೋತವರು ಇಲ್ಲಿಯವರೆಗೆ ಯಾರೂ ಇಲ್ಲವಂತೆ. ವಿಭಾಗಕ್ಕೆ ಅಂಕಿ ಹೊಳೆಯುವ ಡಿಜಿಟಲ್ ಕ್ಯಾಲಿಪರ್ ಬಂತು. ನನಗೆ ಗಾಜಿನ ಕಪಾಟೇ ಗತಿಯಾಯಿತು. ಬೇಸರವೇನಿಲ್ಲ. ಒಮ್ಮೆ ಸುಳ್ಳು ಹೇಳಿದವನಿಗೆ ಜಂಬ ಉಳಿಯುವುದಿಲ್ಲ.

ಕಳೆದ ವಾರ ತ್ರಿಶಲಾ ಬಂದಿದ್ದರು. "ಅಪ್ಪಾರು ಉಪಯೋಗಕ್ಕ ಬಂದ್ರೇನ್ರಿ?"

ಹೌದು ಎಂದರೆ ಸಾಕಿತ್ತು, ಯಾರು ಬಂದು ನೋಡುತ್ತಿದ್ದರು? ನೀಲಾಂಬಿಕಾ ಎಲ್ಲವನ್ನೂ ಹೇಳಿದರು. "ಹುಡುಗರು ಅವರಿಂದ ಪಾಠ ಕಲ್ತಾರ, ಖರೆ. ಆದ್ರ ನನ್ನ ಲೆಕ್ಕದಾಗ ಅವರ ಕೈ ಇಲ್ರಿ. ನಾನೇ ಕೆಡಿಸಿದೆ."

ತ್ರಿಶಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಅಪ್ಪಾ ಮೂವತ್ತು ವರ್ಷ ಗಣಿತ ಕಲಿಸ್ಯಾರ್ರಿ. ತಪ್ಪು ಲೆಕ್ಕ ಮಗಳದಾದ್ರೂ ಬಿಡ್ತಿದ್ದಿಲ್ಲ, ಅಡ್ಡಗೆರಿ ಹೊಡೀತಿದ್ರು. ನೀವು ಗೆರಿ ಹೊಡೀದೇ ಬಿಟ್ಟಿದ್ರ ನಿಮಗೂ ಬೈತಿದ್ರು ನೋಡ್ರಿ."

ನೀಲಾಂಬಿಕಾ ಆಗ ಅತ್ತರು. ಆರು ತಿಂಗಳು ಕಳೆದುಕೊಂಡಾಗ ಅತ್ತಿರಲಿಲ್ಲ.