ಕೆಟ್ಟಿ ಬಣ್ಣ

ಕೊಯಮತ್ತೂರು ಕಡೆಯ ಸಿರುಮುಗೈನಲ್ಲಿ, ಮನೆಯಲ್ಲಿ ಕನ್ನಡ ಆಡುವ ನೇಕಾರ ವೆಲ್ಲಿಂಗಿರಿಯ ಮಗ್ಗ ಹಗಲಲ್ಲಿ ಸುಮ್ಮನಿದ್ದರೆ ಒಂದೋ ಅಮಾವಾಸ್ಯೆ, ಇಲ್ಲವೇ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಬೀದಿಗೆಲ್ಲ ಗೊತ್ತು. ಅಂದು ಎರಡೂ ಅಲ್ಲ. ಅವನ ಸೀರೆ ಮಾರುವ ಕೊಯಮತ್ತೂರಿನ ಅಂಗಡಿಯ ಈಶ್ವರನ್ ಫೋನ್ ಮಾಡಿದ್ದರು.

"ನಿಮ್ಮ ಸೀರೆಯ ಬಣ್ಣ ಕೆಟ್ಟದ್ದಂತೆ. ಗಿರಾಕಿಗಳು ವಿಡಿಯೋ ತಂದು ಮುಖಕ್ಕೆ ಹಿಡೀತಿದ್ದಾರೆ. ಸಂಜೆಯೊಳಗೆ ಏನಾದರೂ ಮಾಡಿ. ಇಲ್ಲದಿದ್ದರೆ ಸರಕೆಲ್ಲ ವಾಪಸ್."

ಮದುವೆಯ ಮುಹೂರ್ತಗಳು ಎದುರಿಗಿದ್ದವು. ಆ ಅಂಗಡಿ ಕೈಬಿಟ್ಟರೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಬೇಕು, ಅಷ್ಟೇ.

ಹೆಂಡತಿ ಸೆಲ್ಲಮ್ಮ ಪಕ್ಕದ ಮನೆಯ ಶೋಭನಾಳನ್ನು ಕರೆತಂದಳು. ಮಹಿಳಾ ಸಂಘದ ಶೋಭನಾ ತಾನು ಮಾಡುವ ಇಡ್ಲಿ ಪುಡಿಯನ್ನು ಇನ್‌ಸ್ಟಾಗ್ರಾಂನಲ್ಲೇ ಮಾರುವವಳು. "ನಿಮಗೂ ಒಂದು ಪೇಜ್ ಮಾಡಿಕೊಡ್ಲಾ ಅಣ್ಣಾ?" ಎಂದು ಅವಳು ಹಿಂದೆ ಕೇಳಿದಾಗ, "ನೆಯ್ಯೋನಿಗೆ ಎದಕ್ಕಮ್ಮಾ ಆ ಆಟ? ನಮ್ಮ ಸೀರೆಯೇ ಮಾತಾಡ್ತದೆ" ಎಂದು ನಕ್ಕು ಕಳಿಸಿದ್ದ. ಈಗ ನಗು ಬರಲಿಲ್ಲ.

ಶೋಭನಾ ಆ ವಿಡಿಯೋ ಹುಡುಕಿ ತೋರಿಸಿದಳು. ಬೆಂಗಳೂರಿನ ಧರಣಿ ಎಂಬಾಕೆ ಕಡುಗೆಂಪು ಹತ್ತಿ ಸೀರೆ ಹಿಡಿದು ಹೇಳುತ್ತಿದ್ದಳು: "ಒಗೆಯೋಕೆ ಮುಂಚೆ ಸೀರೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಬಣ್ಣ ಹೇಗೆ ಅಂತ ಕೇಳಿದೆ. ನೇಯ್ದವರೇ ಏನಂದ್ರು ಗೊತ್ತಾ? ಕೆಟ್ಟ ಬಣ್ಣಮ್ಮಾ, ಅಂದ್ರು!"

"ಪೊಯ್ಯಿ! ಸುಳ್ಳು! ನಾ ಹಂಗೆ ಹೇಳಲೇ ಇಲ್ಲ!" ವೆಲ್ಲಿಂಗಿರಿ ಎದ್ದೇಬಿಟ್ಟ. "ಕೆಟ್ಟಿ ಬಣ್ಣ ಅಂದೆ. ಕೆಟ್ಟಿ!"

ಸೆಲ್ಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ತಮಿಳು ಮಾತಲ್ವಾ? ಬೆಂಗಳೂರೋರು ಗಟ್ಟಿ ಅಂತಾರೆ!"

ಬಿಡದ ಬಣ್ಣಕ್ಕೆ ಇಲ್ಲಿನ ತಮಿಳಿನಲ್ಲಿ ಕೆಟ್ಟಿ ಸಾಯಂ ಎನ್ನುತ್ತಾರೆ. ಕೇಳಿದವರು ಕನ್ನಡದವರೆಂಬ ಪ್ರೀತಿಗೆ ವೆಲ್ಲಿಂಗಿರಿ ಸಾಯಂ ಅನ್ನು ಬಣ್ಣ ಮಾಡಿದ್ದ, ಕೆಟ್ಟಿಯನ್ನು ಹಾಗೇ ಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಬಿಡಮ್ಮಾ, ಕೂಗಿ ಕೂಗಿ ಅವರೇ ಸುಮ್ಮನಾಗ್ತಾರೆ" ಎಂದ, ಸೋತ ದನಿಯಲ್ಲಿ.

"ಇಲ್ಲಣ್ಣಾ. ಉತ್ತರ ಹೇಳದಿದ್ರೆ ಒಪ್ಕೊಂಡಂಗೆ. ಎಲ್ಲಾರೂ ನಿಮ್ಮ ಸೀರೆ ಮಾತೇ ಆಡ್ತಾವ್ರೆ, ನೀವೊಬ್ಬರೇ ಅಲ್ಲಿಲ್ಲ."

"ಹಂಗಾದ್ರೆ ನಾಲ್ಕು ಬೈದು ಹಾಕ್ಲಾ?"

"ಬೈಬ್ಯಾಡಿ. ತೋರಿಸಿ."

ಶೋಭನಾ ಅವನ ಹೆಸರಿನಲ್ಲಿ ಪುಟ ತೆರೆದಳು. ಅಂಗಳದಲ್ಲಿ ಬಿಳಿ ಪ್ಲಾಸ್ಟಿಕ್ ಟಬ್ ಇಟ್ಟು, ಫೋನು ಹಿಡಿದಳು. ಧರಣಿಯ ಸೀರೆಯ ನೂಲಿನಲ್ಲೇ ನೇಯ್ದ ಇನ್ನೊಂದು ಸೀರೆಯನ್ನು ವೆಲ್ಲಿಂಗಿರಿ ನೀರಿಗಿಳಿಸಿದ. ಅದರ ಜೊತೆಗೆ ತನ್ನ ಹೊಸ ಬಿಳಿ ಪಂಚೆಯನ್ನೂ ಹಾಕಿದ. ಹಾಕಿದ ಮೇಲೆ ಅನುಮಾನ ಬಂತು. ನೇಯ್ಗೆ ತನ್ನದು, ಸರಿ. ನೂಲಿಗೆ ಬಣ್ಣ ಹಾಕಿಕೊಟ್ಟವರು ಕೈಕೊಟ್ಟಿದ್ದರೆ?

ಸೋಪು ಹಾಕಿ ಉಜ್ಜಿದ. ಪಂಚೆ ಹಿಂಡಿ ಬಿಡಿಸಿದ. ಅದು ಹಾಕಿದಾಗ ಇದ್ದಷ್ಟೇ ಬಿಳಿ.

"ನೋಡಮ್ಮಾ ಧರಣಿ," ಎಂದ ಫೋನಿನ ಕಡೆ ತಿರುಗಿ, "ನಂದು ಮನೆ ಕನ್ನಡ. ಕೆಟ್ಟಿ ಅಂದ್ರೆ ನಮ್ಮೂರಲ್ಲಿ ಗಟ್ಟಿ. ತಪ್ಪು ನಂದೇ, ಸೀರೇದಲ್ಲ."

ಧರಣಿಯ ವಿಡಿಯೋದ ಕೆಳಗೇ ಉತ್ತರ ಹೋಯಿತು. ಹೊತ್ತು ಇಳಿಯುತ್ತಿತ್ತು. "ನಾಟಕ" ಎಂದು ಒಬ್ಬರು ಬರೆದರು. ಸೆಲ್ಲಮ್ಮ ಒಲೆ ಹಚ್ಚುವುದನ್ನೇ ಮರೆತು ಕೂತಳು.

ದೀಪ ಹಚ್ಚುವ ಹೊತ್ತಿಗೆ ಧರಣಿ ಬರೆದಳು: "ಅಣ್ಣಾ, ಕ್ಷಮಿಸಿ. ನಾನೂ ಒಗೆದು ನೋಡಿದೆ. ಬಣ್ಣ ಗಟ್ಟಿ. ಹಳೆ ವಿಡಿಯೋ ತೆಗೆದಿದ್ದೀನಿ." ಹಿಂದೆಯೇ ಈಶ್ವರನ್ ಫೋನು. ಸರಕು ಅಂಗಡಿಯಲ್ಲೇ ಇರುತ್ತದೆ ಎಂದರು. ವೆಲ್ಲಿಂಗಿರಿ ಕಣ್ಣೊರೆಸಿಕೊಂಡ.

"ಆ ಪೇಜ್ ದಿನಾ ಹೆಂಗೆ ನೋಡೋದು, ಕಲಿಸಿಕೊಡಮ್ಮಾ" ಎಂದ ಆಮೇಲೆ.

ಅಕ್ಕಂದಿರೇ, ಅಣ್ಣಂದಿರೇ, ನೀವು ಸೀರೆ ನೇಯಿರಿ, ಬನಿಯನ್ ಹೊಲಿಯಿರಿ, ಪುಡಿ ಕುಟ್ಟಿರಿ, ಏನೇ ಮಾಡಿ. ನೀವಿಲ್ಲದಿದ್ದರೂ ನಿಮ್ಮ ಸರಕಿನ ಮಾತು ಫೋನಿನಿಂದ ಫೋನಿಗೆ ಓಡುತ್ತಲೇ ಇರುತ್ತದೆ. ಅಲ್ಲಿ ನಿಮ್ಮ ಹೆಸರಿನದೊಂದು ಪುಟ ಇರಲಿ, ದಿನಕ್ಕೊಮ್ಮೆ ನೋಡಿ. ದೂರು ಬಂದರೆ ಸಿಟ್ಟು ಬೇಡ. ತಪ್ಪಿದ್ದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ತೋರಿಸಿಕೊಡಿ. ನಿಮ್ಮ ಬೀದಿಯಲ್ಲೂ ಒಬ್ಬ ಶೋಭನಾ ಇದ್ದೇ ಇರುತ್ತಾಳೆ. ಈಶ್ವರನ್ ಫೋನು ಬರುವ ಮುಂಚೆಯೇ ಅವಳ ಬಾಗಿಲು ತಟ್ಟಿ.